ದೂರದರ್ಶಕಕ್ಕೆ ದುಡ್ಡಿದೆ, ಕಟ್ಟುವ ಕೈಗಳೆಲ್ಲಿ?

2026ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ ಖಗೋಳ ವಿಜ್ಞಾನಕ್ಕೆ ಅಪರೂಪದ ಪ್ರಾಶಸ್ತ್ಯ ದೊರಕಿತು. ರಾಷ್ಟ್ರೀಯ ಬೃಹತ್ ಸೌರ ದೂರದರ್ಶಕ, ರಾಷ್ಟ್ರೀಯ ಬೃಹತ್ ದ್ಯುತಿ-ಅವಗೆಂಪು ದೂರದರ್ಶಕ, ಹಿಮಾಲಯನ್ ಚಂದ್ರ ದೂರದರ್ಶಕ ಹಾಗೂ ಕಾಸ್ಮೋಸ್-2 ತಾರಾಲಯ, ಈ ನಾಲ್ಕನ್ನು ಸ್ಥಾಪಿಸುವುದಾಗಿ ಇಲ್ಲವೇ ಮೇಲ್ದರ್ಜೆಗೇರಿಸುವುದಾಗಿ ಸರ್ಕಾರ ಪ್ರಕಟಿಸಿತು. ಮೂರೂ ದೂರದರ್ಶಕಗಳ ನೆಲೆ ಲಡಾಖ್. ಆದರೆ ಅವುಗಳ ಬೇರು ಇರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ.

ಘೋಷಣೆ ಸ್ವಾಗತಾರ್ಹವೇ. ದಶಕಕ್ಕೂ ಮಿಗಿಲಾಗಿ ಕಡತದಲ್ಲೇ ಉಳಿದಿದ್ದ ಯೋಜನೆಗಳಿಗೆ ಇದರಿಂದ ಜೀವ ಬಂದಿದೆ. ಆದರೆ ಕಟ್ಟಡಕ್ಕೆ, ಕನ್ನಡಿಗೆ, ಉಕ್ಕಿನ ಚೌಕಟ್ಟಿಗೆ ಹಣ ಒದಗಿಸಿದ ಮಾತ್ರಕ್ಕೆ ಖಗೋಳ ವಿಜ್ಞಾನ ಬೆಳೆಯುವುದಿಲ್ಲ. ಆ ದೂರದರ್ಶಕಗಳ ತುದಿಯಲ್ಲಿ ಕೂರುವ ಸೂಕ್ಷ್ಮ ಉಪಕರಣಗಳನ್ನು ಕಲ್ಪಿಸಿ, ವಿನ್ಯಾಸಗೊಳಿಸಿ, ಹತ್ತು ಹದಿನೈದು ವರ್ಷ ಹೊತ್ತು ನಡೆಸಿ ಗುರಿ ಮುಟ್ಟಿಸಬಲ್ಲವರು ಯಾರು? ಅಂಥವರನ್ನು ದೇಶದ ಶಿಕ್ಷಣ ವ್ಯವಸ್ಥೆ ತಯಾರು ಮಾಡುತ್ತಿದೆಯೇ? ಬಜೆಟ್ ಭಾಷಣಗಳಲ್ಲಿ ಕಾಣದ ಈ ಪ್ರಶ್ನೆಯ ಮೇಲೆಯೇ ಮುಂದಿನ ಎರಡು ದಶಕಗಳ ಫಲಿತಾಂಶ ನಿಂತಿದೆ.

ಕಣ್ಣಿನ ಹಿಂದಿನ ಕಣ್ಣು

ದೂರದರ್ಶಕವೆಂದರೆ ಮೂಲತಃ ಬೆಳಕನ್ನು ಬೊಗಸೆಯಲ್ಲಿ ಹಿಡಿದುಕೊಡುವ ಸಾಧನ. ಹಾಗೆ ಹಿಡಿದ ಬೆಳಕಿನಿಂದ ಅರ್ಥವನ್ನು ಹೊರತೆಗೆಯುವುದು ಅದರ ಹಿಂದೆ ಜೋಡಿಸಿದ ಉಪಕರಣ. ಬೆಳಕನ್ನು ಬಣ್ಣಗಳಾಗಿ ಸೀಳಿ ನಕ್ಷತ್ರದಲ್ಲಿರುವ ಮೂಲವಸ್ತುಗಳನ್ನು ಗುರುತಿಸುವ ರೋಹಿತದರ್ಶಕ, ಮಂದ ಬೆಳಕನ್ನೂ ಎಣಿಸಬಲ್ಲ ಕ್ಯಾಮೆರಾ, ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂದು ಅಳೆಯುವ ಧ್ರುವೀಕರಣ ಮಾಪಕ ಇವೆಲ್ಲ ಆ ಗುಂಪಿಗೆ ಸೇರಿದವು. ಕನ್ನಡಿ ಎಷ್ಟೇ ದೊಡ್ಡದಿದ್ದರೂ ಉಪಕರಣ ಹಳತಾದರೆ ಹೊಸ ವಿಜ್ಞಾನ ಹುಟ್ಟುವುದಿಲ್ಲ. ಕನ್ನಡಿ ಚಿಕ್ಕದಿದ್ದರೂ ಉಪಕರಣ ಹೊಸದಾದರೆ ಯಾರೂ ಕಾಣದ್ದನ್ನು ಕಾಣಲು ಸಾಧ್ಯ.

ಈ ದೃಷ್ಟಿಯಿಂದ ದೇಶದ ಪ್ರಮುಖ ವೀಕ್ಷಣಾಲಯಗಳತ್ತ ನೋಡಿದರೆ ಮಿಶ್ರ ಚಿತ್ರ ಕಾಣುತ್ತದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ 2000ದಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ಬೆಂಗಳೂರು ಹೊರವಲಯದ ಹೊಸಕೋಟೆ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ದೂರದರ್ಶಕ ಬಂದದ್ದು ಅಮೆರಿಕದಿಂದ. ಅದರ ಮುಖ್ಯ ಉಪಕರಣ ತಯಾರಾದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ನಂತರ ಸೇರಿದ ಸೂಕ್ಷ್ಮ ರೋಹಿತದರ್ಶಕ ನ್ಯೂಜಿಲೆಂಡಿನಲ್ಲಿ ರೂಪುಗೊಂಡಿತು. ನೈನಿತಾಲ್ ಬಳಿಯ ದೇವಸ್ಥಲದಲ್ಲಿ 2016ರಲ್ಲಿ ಕಾರ್ಯಾರಂಭ ಮಾಡಿದ 3.6 ಮೀಟರ್ ದೂರದರ್ಶಕವನ್ನು ಕಟ್ಟಿಕೊಟ್ಟದ್ದು ಬೆಲ್ಜಿಯಂ. ಅದಕ್ಕೆ ಜೋಡಿಸಿದ ಒಂದು ಪ್ರಮುಖ ರೋಹಿತದರ್ಶಕ-ಕ್ಯಾಮೆರಾವನ್ನು ಮಾತ್ರ ನೈನಿತಾಲಿನ ಆರ್ಯಭಟ ಸಂಸ್ಥೆಯವರೇ ರೂಪಿಸಿದರು.

ಹೊರಗಿನಿಂದ ತರಿಸಿಕೊಳ್ಳುವುದು ತಪ್ಪೇನಲ್ಲ. ಜಗತ್ತಿನ ಯಾವ ದೇಶವೂ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಆದರೆ ಕೊಂಡು ತಂದ ಉಪಕರಣ ಕೊಂಡವನಿಗೆ ಉತ್ತರ ಕೊಡಬಲ್ಲದೇ ಹೊರತು ಹೊಸ ಪ್ರಶ್ನೆ ಕೇಳುವ ಶಕ್ತಿ ಕೊಡುವುದಿಲ್ಲ. ಇನ್ನೊಬ್ಬರು ತಮ್ಮ ಪ್ರಶ್ನೆಗಾಗಿ ರೂಪಿಸಿದ ಸಾಧನದಿಂದ ತಮ್ಮ ಪ್ರಶ್ನೆಗೆ ಉತ್ತರ ಹುಡುಕುವವರು ಎಂದಿಗೂ ಎರಡನೆಯ ಸಾಲಿನಲ್ಲೇ ಉಳಿಯುತ್ತಾರೆ.

ಕೈಯಿಂದ ಕಲಿತವರ ಪರಂಪರೆ

ದೇಶದಲ್ಲಿ ಇಂಥ ಪರಂಪರೆಯೇ ಇಲ್ಲವೆಂದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದವರು. ದೂರದರ್ಶಕದ ನಡುವೆಯೇ ಬೆಳೆದ ಬಾಪು ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1949ರಲ್ಲಿ, ಧೂಮಕೇತುವೊಂದರ ಶೋಧದಲ್ಲಿ ಪಾಲು ಪಡೆದರು. ಜವಾದಿ ಬೆಟ್ಟಗಳ ಕಾವಲೂರಿನಲ್ಲಿ 1960ರ ದಶಕದ ಕೊನೆಯಲ್ಲಿ ಅವರು ಕೆಲಸ ಆರಂಭಿಸಿದ್ದು ಕೊಡೈಕೆನಾಲಿನಲ್ಲಿ ತಯಾರಾದ 38 ಸೆಂಟಿಮೀಟರ್‌ನ ಪುಟ್ಟ ದೂರದರ್ಶಕದಿಂದ. 1986ರ ಜನವರಿಯಲ್ಲಿ ಅಲ್ಲೇ ಉದ್ಘಾಟನೆಯಾದ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ. ಅದನ್ನು ಕಾಣಲು ಬಾಪು ಇರಲಿಲ್ಲ. ಅವರು 1982ರಲ್ಲೇ ತೀರಿಕೊಂಡಿದ್ದರು. ಆದರೆ ಅವರು ತರಬೇತು ಮಾಡಿದ ಕೈಗಳಿದ್ದವು. ನಾಯಕ ಮರೆಯಾದ ಮೇಲೂ ಕೆಲಸ ಪೂರ್ತಿಯಾಯಿತೆಂಬುದೇ ಆ ತರಬೇತಿಗೆ ಸಂದ ಪ್ರಮಾಣಪತ್ರ.

ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ 1972ರಿಂದ 1994ರವರೆಗೆ ದುಡಿದ ವಿ. ರಾಧಾಕೃಷ್ಣನ್ ಅವರದು ಇನ್ನೊಂದು ಬಗೆ. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ಪದವಿಯ ಆಚೆಗೆ ಅವರು ಓದಿ ಪಡೆದ ಡಾಕ್ಟರೇಟ್ ಇರಲಿಲ್ಲ. ಸ್ವೀಡನ್, ಅಮೆರಿಕ, ಆಸ್ಟ್ರೇಲಿಯಾಗಳ ರೇಡಿಯೊ ವೀಕ್ಷಣಾಲಯಗಳಲ್ಲಿ ರಿಸೀವರ್‌ಗಳನ್ನು ಕಟ್ಟುತ್ತ ಕಟ್ಟುತ್ತಲೇ ಅವರು ಪಲ್ಸಾರ್‌ಗಳ ಸ್ವರೂಪವನ್ನು ವಿವರಿಸಿದ ಮೊದಲ ಸಾಲಿನ ವಿಜ್ಞಾನಿಯಾದರು. ಇಂದಿನ ನೇಮಕಾತಿ ನಿಯಮಗಳ ಪ್ರಕಾರ ಅಂಥವರೊಬ್ಬರು ಅರ್ಜಿ ಹಾಕಿದರೆ ಅದು ಮೊದಲ ಸುತ್ತಿನಲ್ಲೇ ಬಿದ್ದುಹೋಗುವ ಸಂಭವವೇ ಹೆಚ್ಚು.

ಮೂರನೆಯ ಉದಾಹರಣೆ ಗೋವಿಂದ್ ಸ್ವರೂಪ್. ಆಸ್ಟ್ರೇಲಿಯಾ ಬಿಟ್ಟುಕೊಟ್ಟ ಸಣ್ಣ ತಟ್ಟೆ ಆಂಟೆನಾಗಳನ್ನು ಮುಂಬಯಿ ಬಳಿಯ ಕಲ್ಯಾಣದಲ್ಲಿ ಜೋಡಿಸಿ 1965ರ ಹೊತ್ತಿಗೆ ಅವರ ತರುಣ ತಂಡ ಸೂರ್ಯನ ವೀಕ್ಷಣೆ ಆರಂಭಿಸಿತು. ಅದೇ ತಂಡ 1970ರಲ್ಲಿ ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕ ನಿಲ್ಲಿಸಿತು. ಆ ಅನುಭವವೇ ಮುಂದೆ ಪುಣೆ ಬಳಿ ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳ ಬೃಹತ್ ಜಾಲವಾಯಿತು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಎದ್ದೇಳುತ್ತಿರುವ ಅಂತರರಾಷ್ಟ್ರೀಯ ರೇಡಿಯೊ ದೂರದರ್ಶಕ 'ಸ್ಕಾ' ಯೋಜನೆಯಲ್ಲಿ ಭಾರತ ಪಾಲುದಾರನಾಗಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿ 1,250 ಕೋಟಿ ರೂಪಾಯಿ ಎತ್ತಿಟ್ಟದ್ದು ಈ ಮೆಟ್ಟಿಲುಗಳ ಮೇಲೆ ನಿಂತೇ. ಚಿಕ್ಕದರಿಂದ ದೊಡ್ಡದಕ್ಕೆ, ಒಂದು ಮೆಟ್ಟಿಲೂ ತಪ್ಪದೆ ಏರಿದ ಹಾದಿ ಅದು.

ಹದಿನೈದು ವರ್ಷದ ಲೆಕ್ಕ

ಇತ್ತೀಚಿನ ಯಶಸ್ಸುಗಳೂ ಕಡಿಮೆಯೇನಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಏಳು ಉಪಕರಣಗಳಲ್ಲಿ ಮುಖ್ಯವಾದ ಪ್ರಭಾವಲಯ ದರ್ಶಕ ಹೊಸಕೋಟೆಯಲ್ಲಿ ತಯಾರಾಯಿತು. 2024ರ ಜನವರಿ 1ರಂದು ಉಡಾವಣೆಯಾದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಎಂಬ ಕ್ಷ-ಕಿರಣ ಧ್ರುವೀಕರಣ ಮಾಪಕವನ್ನು ರಾಮನ್ ಸಂಶೋಧನಾ ಸಂಸ್ಥೆ ರೂಪಿಸಿತು. ಇವೆಲ್ಲ ಬೆಂಗಳೂರಿನ ಹೆಮ್ಮೆ ಎನ್ನಲು ಅಡ್ಡಿಯಿಲ್ಲ.

ಆದರೆ ಈ ಹೆಮ್ಮೆಯ ಹಿಂದಿರುವ ಕಾಲದ ಲೆಕ್ಕವನ್ನು ಗಮನಿಸಬೇಕು. ಆದಿತ್ಯ ಯೋಜನೆಯ ಮೂಲ ಕಲ್ಪನೆ ಮೂಡಿದ್ದು 2008ರಲ್ಲಿ. ಪ್ರಭಾವಲಯ ದರ್ಶಕ ಇಸ್ರೊ ಕೈಸೇರಿದ್ದು 2023ರ ಜನವರಿಯಲ್ಲಿ. ಅಂದರೆ ಹದಿನೈದು ವರ್ಷ. ಒಬ್ಬ ವಿದ್ಯಾರ್ಥಿಯ ಪಿಎಚ್.ಡಿ. ಅವಧಿ ಐದಾರು ವರ್ಷ. ಇಂಥ ಯೋಜನೆಗೆ ಸೇರಿದ ವಿದ್ಯಾರ್ಥಿ ಉಪಕರಣದ ಒಂದು ತುಂಡನ್ನು ಮಾತ್ರ ನೋಡಿ ಹೊರನಡೆಯುತ್ತಾನೆ. ಕಲ್ಪನೆಯ ದಿನ ಇದ್ದವನು ಜೋಡಣೆಯ ದಿನ ಇರುವುದಿಲ್ಲ. ಜೋಡಣೆ ಮಾಡಿದವಳಿಗೆ ಮೊದಲ ಚಿತ್ರ ಬರುವ ಹೊತ್ತಿಗೆ ಬೇರೆ ಊರಿನಲ್ಲಿ ಕೆಲಸ. ಆರಂಭದಿಂದ ಅಂತ್ಯದವರೆಗೆ ಒಂದು ಉಪಕರಣವನ್ನು ತನ್ನದೆಂದು ಹೊತ್ತ ಅನುಭವ ಬಹುತೇಕ ವಿದ್ಯಾರ್ಥಿಗಳಿಗೆ ಸಿಗುವುದೇ ಇಲ್ಲ.

ಇದಕ್ಕೆ ಪ್ರಬಂಧಗಳ ಎಣಿಕೆಯೂ ಸೇರಿಕೊಳ್ಳುತ್ತದೆ. ಅನ್ಯರ ದೂರದರ್ಶಕದ ದತ್ತಾಂಶವನ್ನು ಅಂತರಜಾಲದಿಂದ ಇಳಿಸಿಕೊಂಡು ವಿಶ್ಲೇಷಿಸುವ ವಿದ್ಯಾರ್ಥಿ ಅದೇ ಅವಧಿಯಲ್ಲಿ ಹಲವು ಪ್ರಬಂಧ ಪ್ರಕಟಿಸಬಲ್ಲ. ಕೋಲ್ಡ್ ಬಾಕ್ಸ್ ಸೋರುತ್ತಿರುವುದೇಕೆಂದು ಎಂಟು ತಿಂಗಳು ಹುಡುಕಿದವನ ಹೆಸರಿನಲ್ಲಿ ಒಂದು ಪ್ರಬಂಧವಾದರೆ ಅದೇ ಹೆಚ್ಚು. ಉದ್ಯೋಗ ನೀಡುವ ಆಯ್ಕೆ ಸಮಿತಿ ಇಬ್ಬರ ಪಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹೀಗಿರುವಾಗ ಜಾಣ ವಿದ್ಯಾರ್ಥಿ ಯಾವ ದಾರಿ ಹಿಡಿಯುತ್ತಾನೆಂಬುದಕ್ಕೆ ಜ್ಯೋತಿಷಿಯನ್ನು ಕೇಳಬೇಕಾಗಿಲ್ಲ.

ನಾಯಕತ್ವವೆಂದರೆ ಭಾಷಣವಲ್ಲ

ಉಪಕರಣ ನಿರ್ಮಾಣದಲ್ಲಿ ನಾಯಕತ್ವ ಎಂಬ ಮಾತಿಗೆ ಬಹಳ ನಿರ್ದಿಷ್ಟವಾದ ಅರ್ಥವಿದೆ. ಅದು ವ್ಯಕ್ತಿತ್ವ ವಿಕಸನ ಶಿಬಿರದ ಸರಕಲ್ಲ. ಸೂರ್ಯನ ಪ್ರಭಾವಲಯದ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೇ ಇರುತ್ತದೆ. ಕನ್ನಡಿಯ ಮೇಲ್ಮೈ ತುಸು ಒರಟಾದರೂ, ಒಳಗೆ ಧೂಳಿನ ಕಣ ಕುಳಿತರೂ ಬಿಂಬದ ಬೆಳಕು ಚದುರಿ ಪ್ರಭಾವಲಯವನ್ನು ಮುಳುಗಿಸಿಬಿಡುತ್ತದೆ. ಕನ್ನಡಿಯನ್ನು ಎಷ್ಟು ನಯಗೊಳಿಸಿದರೆ ಸಾಕು? ಕೊಠಡಿಯ ಗಾಳಿ ಎಷ್ಟು ಶುದ್ಧವಿದ್ದರೆ ಸಾಕು? ಇನ್ನಷ್ಟು ನಯ ಬೇಕೆಂದರೆ ವರ್ಷವೊಂದು ಜಾರುತ್ತದೆ. ಬೇಡವೆಂದರೆ ವಿಜ್ಞಾನವೇ ಕೈತಪ್ಪಬಹುದು. ತೂಕ ಇಳಿಸಬೇಕೆಂದು ಒಂದು ತಂಡ, ಗಟ್ಟಿತನ ಬೇಕೆಂದು ಇನ್ನೊಂದು ತಂಡ ಪಟ್ಟು ಹಿಡಿಯುತ್ತವೆ.

ಇಂಥ ಹೊತ್ತಿನಲ್ಲಿ ಖಗೋಳ ವಿಜ್ಞಾನಿಯ ಭಾಷೆಯನ್ನೂ ಎಂಜಿನಿಯರನ ಭಾಷೆಯನ್ನೂ ಬಲ್ಲವರೊಬ್ಬರು ತೀರ್ಮಾನ ಕೊಡಬೇಕು, ಅದರ ಹೊಣೆಯನ್ನೂ ಹೊರಬೇಕು. ಆಸೆಪಟ್ಟ ಸೌಲಭ್ಯವನ್ನು ಕೈಬಿಡುವ ಧೈರ್ಯ, ಸರಬರಾಜುದಾರರ ಜೊತೆ ವ್ಯವಹರಿಸುವ ತಾಳ್ಮೆ, ಪರೀಕ್ಷೆಯಲ್ಲಿ ಸೋತದ್ದನ್ನು ಮುಚ್ಚಿಡದೆ ಮೇಜಿನ ಮೇಲಿಡುವ ಪ್ರಾಮಾಣಿಕತೆ ಇವುಗಳನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಈಜು ಕಲಿಯಲು ನೀರಿಗಿಳಿಯಲೇಬೇಕು. ಹಾಗೆಂದು ಮೊದಲ ದಿನವೇ ಯಾರನ್ನೂ ಸಮುದ್ರಕ್ಕೆ ತಳ್ಳುವುದಿಲ್ಲ. ಮೊದಲಿಗೆ ಊರಕೆರೆ ಬೇಕು.

ಕೆರೆಯ ಮೇಲೆ ತೇಲಿದ ಆಂಟೆನಾ

ಊರಕೆರೆಯೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾದ ಪ್ರಸಂಗವೊಂದಿದೆ. ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಅತಿ ಕ್ಷೀಣ ರೇಡಿಯೊ ಸಂಕೇತವನ್ನು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಪತ್ತೆ ಮಾಡಿರುವುದಾಗಿ ಅಮೆರಿಕದ ಒಂದು ತಂಡ 2018ರಲ್ಲಿ ಪ್ರಕಟಿಸಿತ್ತು. ಅದನ್ನು ಪರೀಕ್ಷಿಸಲು ರಾಮನ್ ಸಂಶೋಧನಾ ಸಂಸ್ಥೆಯ ತಂಡ 'ಸರಸ್-3' ಎಂಬ ರೇಡಿಯೊ ಮಾಪಕವನ್ನು ತಾನೇ ಕಟ್ಟಿತು. ಆಂಟೆನಾದ ಕೆಳಗಿನ ನೆಲದ ಪದರಗಳು ಏರುಪೇರಾಗಿದ್ದರೆ ಅಳತೆ ಕೆಡುತ್ತದೆ. ನೀರಾದರೆ ಎಲ್ಲೆಡೆ ಒಂದೇ ಸಮ. ಹಾಗಾಗಿ 2020ರಲ್ಲಿ ಆ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಡಲಾಯಿತು. ಹಿಂದಿನ ಘೋಷಣೆಯಲ್ಲಿದ್ದ ಸಂಕೇತ ಅಲ್ಲಿ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಆ ಫಲಿತಾಂಶ ಜಗತ್ತಿನ ಖಗೋಳ ವಿಜ್ಞಾನಿಗಳ ಗಮನ ಸೆಳೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ಉಪಕರಣದ ಗಾತ್ರ. ಬೆರಳೆಣಿಕೆಯ ಜನ ಕೂಡಿ ಕಲ್ಪಿಸಿ, ಕಟ್ಟಿ, ಕೆಡವಿ, ಮತ್ತೆ ಕಟ್ಟಬಹುದಾದ ಗಾತ್ರ ಅದು. ಸರಸ್ ಸರಣಿಯ ಒಂದೊಂದು ಹಂತವೂ ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧಗಳಿಗೆ ವಸ್ತುವಾಯಿತು. ಮೂಲ ಪ್ರಶ್ನೆ, ಉಪಕರಣ, ದತ್ತಾಂಶ, ತೀರ್ಮಾನ ಎಲ್ಲವೂ ಒಬ್ಬ ವಿದ್ಯಾರ್ಥಿಯ ಕಣ್ಣಳತೆಯೊಳಗಿತ್ತು. ದೊಡ್ಡ ಯೋಜನೆಯ ಮುಂದಾಳು ತಯಾರಾಗುವುದು ಇಂಥ ಚಿಕ್ಕ ಯೋಜನೆಯಲ್ಲಿ.

ಮತ್ತೊಂದು ನಿದರ್ಶನ ಬಾಹ್ಯಾಕಾಶದ್ದು. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತ ಉಪಗ್ರಹವನ್ನು ಬಿಟ್ಟ ಮೇಲೂ ಕಕ್ಷೆಯಲ್ಲಿ ಸುತ್ತುತ್ತಿರುತ್ತದೆ. ಅದನ್ನೇ ಪ್ರಯೋಗಗಳಿಗೆ ಜಗಲಿಯಂತೆ ಬಳಸುವ ವ್ಯವಸ್ಥೆಯನ್ನು ಇಸ್ರೊ ರೂಪಿಸಿದೆ. 2023ರ ಏಪ್ರಿಲ್‌ನಲ್ಲಿ ಈ ಜಗಲಿಯೇರಿದ ಪ್ರಯೋಗಗಳಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 'ಸ್ಟಾರ್‌ಬೆರಿಸೆನ್ಸ್' ಕೂಡ ಒಂದು. ಕಾಲೇಜು ಹುಡುಗರು ಪ್ರಾಜೆಕ್ಟ್‌ಗಳಿಗೆ ಬಳಸುವ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಿರುಗಣಕವನ್ನೇ ಮಿದುಳಾಗಿ ಇಟ್ಟುಕೊಂಡ ಈ ಸಾಧನ ನಕ್ಷತ್ರಗಳ ವಿನ್ಯಾಸ ನೋಡಿ ತಾನು ಯಾವ ದಿಕ್ಕಿಗೆ ಮುಖ ಮಾಡಿದ್ದೇನೆಂದು ಹೇಳುತ್ತದೆ. ಅದಕ್ಕೂ ಮೊದಲು, 2010ರಲ್ಲಿ, ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಕಿಲೋಗ್ರಾಮಿಗಿಂತ ಹಗುರವಾದ ಸ್ಟಡ್‌ಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದರು. ಅದು ಖಗೋಳ ವೀಕ್ಷಣೆಯ ಉಪಗ್ರಹವಲ್ಲದಿದ್ದರೂ ರಾಜ್ಯದ ವಿದ್ಯಾರ್ಥಿಗಳಿಗೆ ಇಂಥ ಕೆಲಸ ಅಸಾಧ್ಯವಲ್ಲವೆಂಬುದನ್ನು ಸಾರಿತು.

ಕೊರತೆಯಿರುವುದು ಈ ಮೆಟ್ಟಿಲುಗಳ ನಡುವಣ ಜೋಡಣೆಯಲ್ಲಿ. ಕಾಲೇಜಿನಲ್ಲಿ ಉಪಗ್ರಹ ಕಟ್ಟಿದ ಹುಡುಗಿಗೆ ಮುಂದಿನ ಮೆಟ್ಟಿಲು ಯಾವುದೆಂದು ಹೇಳುವವರಿಲ್ಲ. ಸಾಫ್ಟ್‌ವೇರ್ ಕಂಪನಿಯ ಕ್ಯಾಂಪಸ್ ಆಯ್ಕೆ ಮಾತ್ರ ತಪ್ಪದೆ ಬರುತ್ತದೆ.

ಹೊರಗಿನ ಪಾಠ

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಈ ಮೆಟ್ಟಿಲುಗಳನ್ನು ಬುದ್ಧಿಪೂರ್ವಕವಾಗಿ ಕಟ್ಟಿಕೊಂಡು ಬಂದಿದೆ. ಕೆಲವೇ ನಿಮಿಷ ಮೇಲೇರಿ ಇಳಿಯುವ ಸೌಂಡಿಂಗ್ ರಾಕೆಟ್‌ಗಳು ಮತ್ತು ಎತ್ತರಕ್ಕೆ ಹಾರುವ ಬಲೂನುಗಳು ಅಲ್ಲಿ ವಿಜ್ಞಾನದ ಜೊತೆಗೆ ತರಬೇತಿಯ ಸಾಧನಗಳೂ ಹೌದು. ವಿದ್ಯಾರ್ಥಿಯೊಬ್ಬ ಪಿಎಚ್.ಡಿ. ಅವಧಿಯಲ್ಲೇ ಉಪಕರಣ ಕಟ್ಟಿ, ಹಾರಿಸಿ, ದತ್ತಾಂಶ ಪಡೆಯಬಲ್ಲ. ಉಪಕರಣ ತಂತ್ರಜ್ಞಾನದಲ್ಲಿ ತೊಡಗುವ ತರುಣ ಸಂಶೋಧಕರಿಗೆಂದೇ ನ್ಯಾನ್ಸಿ ಗ್ರೇಸ್ ರೋಮನ್ ಹೆಸರಿನ ಫೆಲೋಶಿಪ್ ಇದೆ. ಬಾಹ್ಯಾಕಾಶ ಯೋಜನೆಗಳ ಪ್ರಧಾನ ಸಂಶೋಧಕರಾಗಲು ಬಯಸುವವರಿಗಾಗಿ 2019ರಲ್ಲಿ ಪ್ರತ್ಯೇಕ ಕಾರ್ಯಾಗಾರವನ್ನೇ ನಾಸಾ ಆರಂಭಿಸಿತು. ನಾಯಕತ್ವ ತಾನಾಗಿ ಮೊಳೆಯುವುದಿಲ್ಲ, ಅದನ್ನು ಬಿತ್ತಬೇಕು ಎಂಬ ಅರಿವು ಇದರ ಹಿಂದಿದೆ.

ಹವಾಯಿ ದ್ವೀಪದ ಪಾಠ ಇನ್ನೂ ಸೂಕ್ಷ್ಮವಾದದ್ದು. ಭಾರತವೂ ಪಾಲುದಾರನಾಗಿರುವ ಮೂವತ್ತು ಮೀಟರ್ ದೂರದರ್ಶಕಕ್ಕೆ ಮೌನಾ ಕಿಯಾ ಪರ್ವತವನ್ನು ಆಯ್ಕೆ ಮಾಡಲಾಗಿತ್ತು. ಪರ್ವತವನ್ನು ಪವಿತ್ರವೆಂದು ನಂಬುವ ಸ್ಥಳೀಯರು 2015ರಲ್ಲೂ 2019ರಲ್ಲೂ ದಾರಿಗಡ್ಡ ನಿಂತರು, ಕಾಮಗಾರಿ ನಿಂತುಹೋಯಿತು. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ತನ್ನ ಬಜೆಟ್ ಪ್ರಸ್ತಾವದಲ್ಲಿ ಈ ಯೋಜನೆಯನ್ನು ಬಿಟ್ಟು ಚಿಲಿಯ ಮ್ಯಾಗೆಲನ್ ದೂರದರ್ಶಕವನ್ನು ಮುಂದೊಯ್ಯುವ ಒಲವು ತೋರಿತು. ಆದರೆ ಅದೇ ಹವಾಯಿಯಲ್ಲಿ 2000ರ ದಶಕದ ಆರಂಭದಿಂದ 'ಅಕಮಾಯಿ' ಎಂಬ ಕಾರ್ಯಕ್ರಮವೂ ನಡೆದುಬಂದಿದೆ. ದ್ವೀಪದ ಕಾಲೇಜು ವಿದ್ಯಾರ್ಥಿಗಳನ್ನು ವೀಕ್ಷಣಾಲಯಗಳ ನೈಜ ಎಂಜಿನಿಯರಿಂಗ್ ಕೆಲಸದಲ್ಲಿ ತೊಡಗಿಸಿ, ಮಾಡಿದ ಕೆಲಸವನ್ನು ಸಭೆಯೆದುರು ಮಂಡಿಸುವ ತರಬೇತಿಯನ್ನೂ ಅದು ನೀಡುತ್ತದೆ. ಬೆಟ್ಟ ಯಾರದೋ ಅವರ ಮಕ್ಕಳಿಗೂ ಬೆಟ್ಟದ ಮೇಲಿನ ವಿಜ್ಞಾನದಲ್ಲಿ ಪಾಲಿರಬೇಕು ಎಂಬುದು ಅದರ ತಿರುಳು.

ಈ ಮಾತು ಲಡಾಖಿಗೂ ಅನ್ವಯಿಸುತ್ತದೆ. ಹಾನ್ಲೆಯನ್ನು ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಿದ ಮೇಲೆ ಅಲ್ಲಿನ ಹಳ್ಳಿಗರಿಗೆ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ತರಬೇತಿ ನೀಡಲಾಗಿದೆ. ಶ್ಲಾಘನೀಯ ಹೆಜ್ಜೆಯದು. ಮುಂದಿನ ಹೆಜ್ಜೆ ಆ ಹಳ್ಳಿಗಳ ಮಕ್ಕಳು ಉಪಕರಣದ ಮುಚ್ಚಳ ತೆಗೆದು ಸ್ಕ್ರೂಡ್ರೈವರ್ ಹಿಡಿಯುವಂತೆ ಮಾಡುವುದು. ಹೊಸಕೋಟೆಯ ಆಸುಪಾಸಿನ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೂ ಇದೇ ನ್ಯಾಯ ಸಲ್ಲಬೇಕು.

ಆಗಬೇಕಾದದ್ದೇನು?

ಕೊಂಡು ತರುವುದು ಬೇಗ, ಕಟ್ಟಲು ಕೂತರೆ ವಿಜ್ಞಾನ ಕಾಯಬೇಕಾಗುತ್ತದೆ ಎಂಬ ವಾದವಿದೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕಕ್ಕೆ ಕೆನಡಾದ ಸಹಯೋಗದಿಂದ ಪತ್ತೆಕಾರಕಗಳು ಬಂದವು. ಉಳಿದದ್ದನ್ನು ಇಲ್ಲಿನವರು ಕಲಿತು ಕಟ್ಟಿದರು. ಸಹಯೋಗ ಮತ್ತು ಖರೀದಿ ಒಂದೇ ಅಲ್ಲವೆಂಬುದಕ್ಕೆ ಅದು ಸಾಕ್ಷಿ. ಸಹಯೋಗದಲ್ಲಿ ಕಲಿಕೆ ಇದೆ, ಖರೀದಿಯಲ್ಲಿ ರಶೀದಿ ಮಾತ್ರ ಇದೆ.

ಮೂವತ್ತು ಮೀಟರ್ ದೂರದರ್ಶಕದ ಹಣೆಬರಹ ಏನೇ ಆಗಲಿ, ಅದಕ್ಕಾಗಿ ಹೊಸಕೋಟೆಯಲ್ಲಿ ನಿಂತ ಕನ್ನಡಿ ಪಾಲಿಶ್ ಘಟಕ ಮತ್ತು ಅಲ್ಲಿನವರು ಕಲಿತ ವಿದ್ಯೆ ಎಲ್ಲಿಗೂ ಹೋಗುವುದಿಲ್ಲ. ತುಂಡು ಕನ್ನಡಿಗಳನ್ನು ಜೋಡಿಸಿ ಕಟ್ಟಲಿರುವ ರಾಷ್ಟ್ರೀಯ ಬೃಹತ್ ದೂರದರ್ಶಕಕ್ಕೆ ಅದೇ ವಿದ್ಯೆ ಬೇಕು. ಯೋಜನೆ ಜಾರಬಹುದು, ಪರಿಣತಿ ಉಳಿಯುತ್ತದೆ. ಆದರೆ ಆ ಪರಿಣತಿ ಇರುವುದು ಮನುಷ್ಯರಲ್ಲಿ. ಅವರು ನಿವೃತ್ತರಾಗುವ ಮುನ್ನ ಮತ್ತೊಬ್ಬರ ಕೈಗೆ ಅದು ದಾಟಬೇಕು.

ದಾರಿಗಳು ಅಪರಿಚಿತವೇನಲ್ಲ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಕಲ್ಕತ್ತಾ ವಿಶ್ವವಿದ್ಯಾಲಯದ ಜೊತೆಗೂಡಿ ಖಗೋಳ ಉಪಕರಣಗಳಲ್ಲೇ ಎಂ.ಟೆಕ್. ಮತ್ತು ಪಿಎಚ್.ಡಿ. ಸಂಯುಕ್ತ ಶಿಕ್ಷಣವನ್ನು ಈ ಹಿಂದೆಯೇ ರೂಪಿಸಿ ತೋರಿಸಿತು. ಅಂಥದ್ದೊಂದು ವ್ಯವಸ್ಥೆ ಉಪಕರಣ ನಿರ್ಮಾಣದ ತವರಾದ ಕರ್ನಾಟಕದ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲೂ ಬೇರೂರಬೇಕು. ಪ್ರತಿ ದೊಡ್ಡ ಯೋಜನೆಯ ವೆಚ್ಚದಲ್ಲಿ ಒಂದು ಸಣ್ಣ ಪಾಲನ್ನು ವಿದ್ಯಾರ್ಥಿಗಳೇ ಆರಂಭದಿಂದ ಅಂತ್ಯದವರೆಗೆ ನಡೆಸುವ ಕಿರು ಉಪಕರಣಗಳಿಗೆ ಮೀಸಲಿಡಬೇಕು. ಅವುಗಳಲ್ಲಿ ಕೆಲವು ವಿಫಲವಾದರೆ ಲೆಕ್ಕಪರಿಶೋಧಕರು ಹುಬ್ಬೇರಿಸಬಾರದು. ಪ್ರತಿ ಪ್ರಧಾನ ಸಂಶೋಧಕರ ಪಕ್ಕದಲ್ಲಿ, ತೀರ್ಮಾನಗಳಲ್ಲಿ ಪಾಲುಳ್ಳ ತರುಣ ಉಪಮುಖ್ಯಸ್ಥರೊಬ್ಬರನ್ನು ಮೊದಲ ದಿನದಿಂದಲೇ ಕೂರಿಸಬೇಕು. ನೇಮಕಾತಿ ಮತ್ತು ಬಡ್ತಿಯಲ್ಲಿ, ಚೆನ್ನಾಗಿ ದುಡಿಯುವ ಉಪಕರಣವೊಂದನ್ನು ಹತ್ತು ಪ್ರಬಂಧಗಳ ಸಮಾನವೆಂದು ಕಾಣುವ ಮನಸ್ಸು ಬರಬೇಕು. ವಿಜ್ಞಾನಿಯೂ ಅಲ್ಲ, ಎಂಜಿನಿಯರೂ ಅಲ್ಲ ಎಂಬ ತ್ರಿಶಂಕು ಸ್ಥಿತಿಯಲ್ಲಿರುವ ಉಪಕರಣ ವಿಜ್ಞಾನಿಗಳಿಗೆ ತಮ್ಮದೇ ಆದ ವೃತ್ತಿಶ್ರೇಣಿ ಬೇಕು.

ಲೆಕ್ಕ ಸರಳವಾಗಿದೆ. ಇಂದು ಕಾಗದದ ಮೇಲಿರುವ ಬೃಹತ್ ದೂರದರ್ಶಕಕ್ಕೂ ಹದಿನೈದು ವರ್ಷ ಹಿಡಿದರೆ ಅದರ ಉಪಕರಣಗಳ ಹೊಣೆ ಹೊರಬೇಕಾದವರು ಈಗ ತುಮಕೂರು, ದಾವಣಗೆರೆ, ಹುಬ್ಬಳ್ಳಿಯ ಕಾಲೇಜುಗಳ ಮೊದಲ ವರ್ಷದ ತರಗತಿಯಲ್ಲಿ ಕುಳಿತಿದ್ದಾರೆ. ಕನ್ನಡಿಯ ಗಾಜನ್ನು ಬೇಕೆಂದಾಗ ತರಿಸಬಹುದು. ಅವರನ್ನು ಹಾಗೆ ತರಿಸಲಾಗದು. ಅವರ ತರಬೇತಿಗೆ ಇನ್ನೂ ಟೆಂಡರ್ ಕರೆದಿಲ್ಲ.